ಟರ್ನರಣ್ಣನ ಕೈ ನಡುಗಿದ ವಾರ

ಬೆಳಿಗ್ಗೆ ವ್ಯಾನು ಗೇಟು ದಾಟಿ ಬೇವಿನ ಮರದ ಕೆಳಗೆ ನಿಂತ ಕೂಡಲೇ ನಾನು ಮಾಡುವ ಮೊದಲ ಕೆಲಸ, ಇಳಿಯುವವರ ಮುಖ ನೋಡುವುದು. ಯಾರಿಗೆ ನಿದ್ದೆಯಾಗಿಲ್ಲ, ಯಾರು ತಿಂಡಿ ತಿನ್ನದೆ ಬಂದಿದ್ದಾರೆ, ಯಾರು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ ಎಂಬುದು ವ್ಯಾನಿನ ಮೆಟ್ಟಿಲಿನ ಮೇಲೇ ಅರ್ಧ ಗೊತ್ತಾಗಿಬಿಡುತ್ತದೆ. ಉಳಿದರ್ಧಕ್ಕೆ ನಮ್ಮ ಹಾಳೆಗಳಿವೆ. ಹಾಳೆಗಳ ಮೇಲೆ ನನಗೆ ಬಹಳ ನಂಬಿಕೆಯಿತ್ತು.

ನಮ್ಮದು ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ, ನಾಲೆಯ ಮಗ್ಗುಲಿಗೆ ಇರುವ ಮೂರೆಕರೆಯ ಆರೈಕೆ ತೋಟ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಹದಿನಾರು ಮಂದಿ ದಿನವೂ ಬಂದು ಸಂಜೆ ಮನೆಗೆ ಹೋಗುತ್ತಾರೆ. ಸೊಪ್ಪು, ಬದನೆ, ಬೀನ್ಸ್ ಬೆಳೆಯುತ್ತೇವೆ, ಎರಡು ಹಸುಗಳಿವೆ, ಎರೆಗೊಬ್ಬರದ ತೊಟ್ಟಿಗಳಿವೆ. ಆದರೆ ಇದು ಬೆಳೆಗಾಗಿ ಇರುವ ತೋಟವಲ್ಲ. ಮೂರು ವರ್ಷ ಮನೆಯ ಬಾಗಿಲು ದಾಟದಿದ್ದ ಹೆಣ್ಣುಮಗಳೊಬ್ಬಳು ಕರುವಿಗೆ ಹುಲ್ಲು ಹಾಕಲು ಹತ್ತು ಹೆಜ್ಜೆ ನಡೆದರೆ ಅದು ಅವತ್ತಿನ ಫಸಲು. ಯಾರಿಗೆ ಯಾವ ಕೆಲಸ, ಎಷ್ಟು ಹೊತ್ತು, ಯಾಕೆ ಎಂಬುದನ್ನು ಒಬ್ಬೊಬ್ಬರಿಗೂ ಬೇರೆ ಹಾಳೆಯಲ್ಲಿ ಬರೆದಿರುತ್ತೇವೆ. ಕುಡುಗೋಲು, ಸಲಿಕೆ, ಕತ್ತರಿಗಳನ್ನು ತೂಗುಹಾಕುವ ಹಲಗೆಯ ಮೇಲೆ ಒಂದೊಂದರ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿದ್ದೇವೆ. ಸಂಜೆ ಒಂದು ಆಕಾರ ಖಾಲಿ ಉಳಿದರೂ ವ್ಯಾನು ಹೊರಡುವುದಿಲ್ಲ. ಹಸುವಿನ ಲಸಿಕೆಗೆ ಒಂದು ಪುಸ್ತಕ, ಕುಡಿಯುವ ನೀರಿನ ಪರೀಕ್ಷೆಗೆ ಒಂದು ಪುಸ್ತಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಒಂದು ಪುಸ್ತಕ. ನಾನು ಮಾನಸಿಕ ಆರೋಗ್ಯದ ನರ್ಸ್. ಪ್ರತಿ ಶನಿವಾರ ಕುಳಿತು ಎಲ್ಲ ಪುಸ್ತಕಗಳಿಗೂ ಸಹಿ ಹಾಕುವುದು ನನ್ನ ಕೆಲಸ.

ಆ ಬೇಸಿಗೆಯಲ್ಲಿ ನಮ್ಮ ಸೊಪ್ಪಿಗೆ ಹೆಸರು ಬಂತು. ಶಿವಮೊಗ್ಗದ ಗಾಂಧಿ ಬಜಾರಿನ ಒಬ್ಬ ತರಕಾರಿ ವ್ಯಾಪಾರಿ ಮತ್ತು ಒಂದು ಮೆಸ್ಸಿನವರು ದಿನವೂ ಬೇಕು ಎಂದರು. ತೋಟ ನಡೆಸುವ ಟ್ರಸ್ಟಿನ ಅಧ್ಯಕ್ಷರಿಗೆ ಖುಷಿಯೋ ಖುಷಿ. ಅವರು ನಿವೃತ್ತ ಮೇಷ್ಟ್ರು, ಒಳ್ಳೆಯ ಮನುಷ್ಯ. ತೋಟದ ಅನುಮತಿ ನವೀಕರಣಕ್ಕೆ ಪರಿಶೀಲನಾ ತಂಡ ಬರುವುದಿತ್ತು. "ಬಂದವರಿಗೆ ನಮ್ಮ ತೋಟ ಹಸಿರಾಗಿ ಕಾಣ್ಬೇಕು ನೋಡಿ. ಇವರ ಕೈಲಿ ಏನಾಗುತ್ತೆ ಅಂತ ಕೇಳೋರಿಗೆ ಇದೇ ಉತ್ತರ" ಎಂದರು. ನನಗೂ ಅದು ಸರಿಯೆಂದೇ ಅನಿಸಿತು.

ದಿನವೂ ಅಷ್ಟು ಸೊಪ್ಪು ಕೀಳುವುದು, ಕಟ್ಟುವುದು, ಕ್ರೇಟು ಹೊರುವುದು ಎಲ್ಲರಿಂದ ಆಗುವ ಕೆಲಸವಲ್ಲ. ಅದು ನಿಧಾನವಾಗಿ ಒಬ್ಬರ ಹೆಗಲಿಗೆ ಬಂತು. ಅವರನ್ನು ನಾವೆಲ್ಲ ಟರ್ನರಣ್ಣ ಎನ್ನುತ್ತಿದ್ದೆವು. ಭದ್ರಾವತಿಯವರು, ಐವತ್ತೆರಡು ವರ್ಷ, ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಶೀನಿನ ಮೇಲೆ ಇಪ್ಪತ್ತು ವರ್ಷ ಟರ್ನರ್ ಆಗಿ ದುಡಿದವರು. ಮನಸ್ಸು ಒಮ್ಮೆ ಮಿತಿಮೀರಿ ಏರುವ, ಇನ್ನೊಮ್ಮೆ ಪಾತಾಳಕ್ಕಿಳಿಯುವ ಕಾಯಿಲೆ ಅವರದು. ಲಿಥಿಯಂ ಎಂಬ ಮಾತ್ರೆ ಹಲವು ವರ್ಷಗಳಿಂದ ಅವರನ್ನು ನೆಟ್ಟಗೆ ನಿಲ್ಲಿಸಿತ್ತು. ಪಾತಿ ತೆಗೆಯುವಾಗ ದಾರ ಕಟ್ಟಿ ಅಳೆಯದೆ ಸಲಿಕೆ ಮುಟ್ಟುತ್ತಿರಲಿಲ್ಲ. ಕಂತೆ ಕಟ್ಟಿದರೆ ಎಲ್ಲವೂ ಒಂದೇ ಗಾತ್ರ. ತೂಕದ ಪುಸ್ತಕ ಬರೆಯುವುದನ್ನೂ ಅವರಿಗೇ ಬಿಟ್ಟಿದ್ದೆವು. ನಕ್ಷೆಯ ಮೇಲೆ ಬರೆದ ಹಾಗೆ ಅಂಕಿಗಳು ಸಾಲಾಗಿ ನಿಲ್ಲುತ್ತಿದ್ದವು.

ಅವರ ಹಾಳೆಯಲ್ಲಿ ದಿನಕ್ಕೆ ಎರಡು ಗಂಟೆ ಹೊರಗಿನ ಕೆಲಸ ಎಂದಿತ್ತು. ಏಪ್ರಿಲ್ ಮಧ್ಯದ ಹೊತ್ತಿಗೆ ಅವರು ಐದು ಗಂಟೆ ಬಿಸಿಲಿನಲ್ಲಿರುತ್ತಿದ್ದರು. ನಾವು ಅದನ್ನು ಉತ್ಸಾಹ ಎಂದು ಕರೆದೆವು.

ಪರಿಶೀಲನೆಗೆ ಒಂಬತ್ತು ದಿನ ಉಳಿದಿದ್ದ ಒಂದು ಗುರುವಾರ ಮಧ್ಯಾಹ್ನ ಕಡತಕ್ಕೆ ಸೇರಿಸಲು ತೂಕದ ಪುಸ್ತಕದ ಕೆಲವು ಪುಟಗಳ ನಕಲು ಬೇಕಾಯಿತು. ಪುಟ ತಿರುವುತ್ತಾ ಬಂದವಳು ಒಂದು ಕಡೆ ನಿಂತೆ. ಸೋಮವಾರದ ಎಂಟುಗಳ ಹೊಟ್ಟೆ ಒಡೆದಿತ್ತು. ಮಂಗಳವಾರದ ಸಾಲು ಕೆಳಕ್ಕೆ ಜಾರಿತ್ತು. ಬುಧವಾರದ ಅಂಕಿಗಳು, ಓಡುವ ಬಸ್ಸಿನಲ್ಲಿ ಕೂತು ಬರೆದ ಹಾಗೆ ಗೀಚುಗೀಚಾಗಿದ್ದವು.

ಬೆಳೆಯ ಉಸ್ತುವಾರಿ ನೋಡಿಕೊಳ್ಳುವ ಅಕ್ಕ ಪಕ್ಕದಲ್ಲೇ ಬೀನ್ಸ್ ಆರಿಸುತ್ತಿದ್ದರು. ಪಕ್ಕದ ಹಳ್ಳಿಯ ರೈತ ಹೆಂಗಸು. ಅವರಿಗೆ ಮಣ್ಣಿನ ಬಗ್ಗೆ ಗೊತ್ತಿಲ್ಲದ್ದು ಇಲ್ಲ.

"ಅಕ್ಕಾ, ಇದನ್ನ ಟರ್ನರಣ್ಣನೇ ಬರೆದಿದ್ದಾ?"

"ಹೂಂ ಮತ್ತೆ. ಕೈ ಸ್ವಲ್ಪ ನಡುಗ್ತಾ ಇದೆ ಅಂದ್ರು. ಬಿಸಿಲು ನೋಡಿ ಮಾರಾಯ್ತಿ, ನಂಗೇ ತಲೆ ತಿರುಗುತ್ತೆ."

ನಾನು ಪುಸ್ತಕ ಅಲ್ಲೇ ಬಿಟ್ಟು ಹೊರಗೆ ಓಡಿದೆ. ಅವರು ನೀರಿನ ತೊಟ್ಟಿಯ ಕಟ್ಟೆ ಹಿಡಿದುಕೊಂಡು ನಿಂತಿದ್ದರು. ಕೈಗಳನ್ನು ಮುಂದೆ ಚಾಚಿರಿ ಎಂದೆ. ಬೆರಳುಗಳು ಎಲೆಗಳ ಹಾಗೆ ಅದುರಿದವು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ತುದಿ ತಾಗಿಸಿ ನಡೆಯಿರಿ ಎಂದೆ. ಎರಡನೇ ಹೆಜ್ಜೆಗೆ ವಾಲಿದರು. ಹಿಡಿದುಕೊಂಡೆ.

"ಭೇದಿ, ವಾಂತಿ ಏನಾದ್ರೂ ಆಗಿದ್ಯಾ?"

"ಎರಡು ದಿನ ಆಯ್ತು ಮೇಡಂ. ಹೇಳಿದ್ರೆ ಮನೇಲಿ ಇರಿ ಅಂತೀರಿ. ಆರ್ಡರ್ ಇದೆಯಲ್ಲ." ನಾಲಿಗೆ ದಪ್ಪವಾದವರ ಹಾಗೆ ಮಾತು ತೊದಲಿತು.

"ಲಿಥಿಯಂ ಬಿಟ್ಟು ಬೇರೆ ಯಾವ ಮಾತ್ರೆ ತಗೋತಾ ಇದೀರಿ?"

"ಬೇರೇನಿಲ್ಲ. ಸೊಂಟ ನೋವಿಗೆ ಅಕ್ಕ ಕೊಡೋದು, ಅಷ್ಟೇ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು."

ಲಿಥಿಯಂ ಸೂಕ್ಷ್ಮವಾದ ಔಷಧಿ. ರಕ್ತದಲ್ಲಿ ಅದು ಇರಬೇಕಾದ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ಕಡಿಮೆ. ಬೆವರು ಸುರಿದು ದೇಹದ ನೀರು, ಉಪ್ಪು ಕಡಿಮೆಯಾದರೆ ಅದು ಹೊರಹೋಗದೆ ಒಳಗೇ ಸೇರುತ್ತಾ ಹೋಗುತ್ತದೆ. ಕೆಲವು ನೋವಿನ ಮಾತ್ರೆಗಳು ಅದನ್ನು ಇನ್ನಷ್ಟು ಏರಿಸುತ್ತವೆ. ನಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಅಕ್ಕ ಕೊಡುತ್ತಿದ್ದದ್ದು ಅಂಥದ್ದೇ ಮಾತ್ರೆ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ.

ಶಿವಮೊಗ್ಗದಲ್ಲಿ ಅವರನ್ನು ನೋಡುತ್ತಿದ್ದ ಮನೋವೈದ್ಯರಿಗೆ ಫೋನ್ ಮಾಡಿದೆ. ನಾನು ಅರ್ಧ ಹೇಳುವಷ್ಟರಲ್ಲೇ ಅವರು ತಡೆದರು. "ರಕ್ತ ತೆಗೆದು ಕಳಿಸ್ತೀನಿ ಅಂತ ಕೂರಬೇಡಿ. ಅವರನ್ನೇ ಕರ್ಕೊಂಡು ಬನ್ನಿ. ಈಗಲೇ."

ತೋಟದಲ್ಲಿ ಯಾವಾಗಲೂ ಒಂದು ವಾಹನ ನಿಂತಿರಬೇಕು ಎಂಬುದು ನಮ್ಮದೇ ನಿಯಮ, ನಾನೇ ಬರೆದದ್ದು. ವ್ಯಾನು ಸೊಪ್ಪು ಹಾಕಲು ಗಾಂಧಿ ಬಜಾರಿಗೆ ಹೋಗಿತ್ತು. ಚಾಲಕನಿಗೆ ಫೋನ್ ಮಾಡಿದರೆ, ಲಾರಿಯೊಂದು ಅಡ್ಡ ನಿಂತಿದೆ, ಗಲ್ಲಿಯಿಂದ ಹೊರಗೆ ಬರಲು ಆಗುತ್ತಿಲ್ಲ ಎಂದ. ಆಂಬುಲೆನ್ಸ್ ಬರಲು ಅರ್ಧ ಗಂಟೆ ಬೇಕು ಎಂದರು. ಕೊನೆಗೆ ಅಕ್ಕ ಹೆದ್ದಾರಿಯವರೆಗೆ ಓಡಿ, ಭದ್ರಾವತಿ ಕಡೆಯಿಂದ ಬರುತ್ತಿದ್ದ ಆಟೋಗೆ ಅಡ್ಡ ನಿಂತು ನಿಲ್ಲಿಸಿದರು. ಒಳಗಿದ್ದ ಇಬ್ಬರು ಪ್ರಯಾಣಿಕರು ವಿಷಯ ಕೇಳಿ ಕೂಡಲೇ ಇಳಿದುಕೊಂಡರು. ದಾರಿಯುದ್ದಕ್ಕೂ ಟರ್ನರಣ್ಣನ ತಲೆ ನನ್ನ ಭುಜದ ಮೇಲಿತ್ತು. "ಮೆಂತ್ಯ ಇನ್ನೂ ತೂಕ ಮಾಡಿಲ್ಲ ಮೇಡಂ" ಎಂದು ಎರಡು ಸಲ ಹೇಳಿದರು. ಮೂರನೇ ಸಲ ಹೇಳಿದ್ದು ಅರ್ಥವಾಗಲಿಲ್ಲ.

ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು, ರಕ್ತ ತೆಗೆದರು, ಇ.ಸಿ.ಜಿ. ತೆಗೆದರು. ವರದಿ ಬಂದಾಗ ಲಿಥಿಯಂ ಇರಬೇಕಾದ್ದರ ಎರಡು ಪಟ್ಟು ಮುಟ್ಟಿತ್ತು. "ಮೂತ್ರಪಿಂಡ ಸದ್ಯಕ್ಕೆ ತಡಕೊಂಡಿದೆ. ಇನ್ನೆರಡು ದಿನ ಹೀಗೇ ಹೋಗಿದ್ರೆ ನಾನು ಬೇರೆ ಮಾತು ಆಡಬೇಕಾಗ್ತಿತ್ತು" ಎಂದರು ವೈದ್ಯರು.

ಸಂಜೆಯ ಹೊತ್ತಿಗೆ ಅವರ ಹೆಂಡತಿ ಭದ್ರಾವತಿಯಿಂದ ಬಸ್ಸು ಹಿಡಿದು ಬಂದರು. ಅಲ್ಲಿನ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ತಮಿಳು ಮನೆತನದವರು. ಹೊಲಿಗೆ ಮಾಡಿ ಸಂಸಾರ ನಡೆಸುತ್ತಿದ್ದವರು. ಹೆಗಲ ಮೇಲೆ ಅಳತೆಯ ಟೇಪು ಹಾಗೇ ಇತ್ತು.

"ನಾಲ್ಕು ದಿನದಿಂದ ತೂರಾಡ್ಕೊಂಡು ಬರ್ತಾರೆ ಮೇಡಮ್. ಬೀದಿಯೋರೆಲ್ಲ ಇವರು ಕುಡಿಯೋಕೆ ಶುರು ಮಾಡಿದ್ದಾರೆ ಅಂದ್ರು. ನಾನೂ ಬಾಯಿ ವಾಸನೆ ನೋಡ್ದೆ ಮೇಡಮ್, ಇಷ್ಟು ವರ್ಷ ಆದ್ಮೇಲೆ ಗಂಡನ ಬಾಯಿ ವಾಸನೆ ನೋಡ್ದೆ" ಎಂದು ಅತ್ತರು.

ಆಗಲೇ ಹೇಳಬೇಕು, ಇಲ್ಲದಿದ್ದರೆ ಮುಂದೆ ಎಂದೂ ಹೇಳಲಾಗುವುದಿಲ್ಲ ಅನಿಸಿತು. ನೋವಿನ ಮಾತ್ರೆ ಹೊರಗಿನ ಅಂಗಡಿಯದ್ದಲ್ಲ, ನಮ್ಮ ಪೆಟ್ಟಿಗೆಯದ್ದು. ಅವರಿಗೆ ಅದನ್ನು ಕೊಡಬಾರದಿತ್ತು. ನೋಡಿಕೊಳ್ಳಬೇಕಾದವಳು ನಾನು ಎಂದೆ.

ಆಕೆ ಕಣ್ಣೊರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅದೇ ಪೆಟ್ಟಿಗೆಯಿಂದ ಬೇರೆ ಎಷ್ಟು ಜನಕ್ಕೆ ಕೊಟ್ಟಿದೀರಿ?" ಎಂದು ಕೇಳಿದರು.

ಪುಸ್ತಕ ನೋಡಿ ಹೇಳುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಪ್ರಥಮ ಚಿಕಿತ್ಸೆಯ ಪುಸ್ತಕ ತೆರೆದೆ. ಎಲ್ಲವೂ ಬರೆದಿತ್ತು. ಅಕ್ಕ ಪ್ರಾಮಾಣಿಕರು; ಹನ್ನೊಂದು ಕೆಲಸದ ದಿನ, ದಿನಕ್ಕೆರಡು ಮಾತ್ರೆ, ಟರ್ನರಣ್ಣನ ಹೆಸರು, ಹೊತ್ತು, ಕಾರಣ. ನಡುವೆ ಬಂದ ಎರಡು ಶನಿವಾರಗಳಲ್ಲಿ 'ಪರಿಶೀಲಿಸಲಾಗಿದೆ' ಎಂಬ ಮೊಹರು, ಅದರ ಕೆಳಗೆ ನನ್ನ ಸಹಿ. ನಾನು ಪುಟ ತುಂಬಿದೆಯೇ ಎಂದು ನೋಡಿದ್ದೆನೇ ಹೊರತು ಪುಟದಲ್ಲಿ ಏನಿದೆ ಎಂದು ನೋಡಿರಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. "ನನ್ನ ಕೈಯಿಂದಾನೇ ಆಯ್ತಲ್ಲ" ಎಂದರು. ಸೆರಗು ಬಾಯಿಗೆ ಹೋಗಿತ್ತು.

"ನಿಮಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ ಅಕ್ಕ. ನಂಗೆ ಹೇಳಿಕೊಟ್ಟಿದ್ರು" ಎಂದೆ.

ಅವತ್ತೇ ಅಧ್ಯಕ್ಷರಲ್ಲಿಗೆ ಹೋದೆ. ಎರಡು ಮಾತು ಹೇಳಬೇಕಿತ್ತು. ಹೊರಗಿನ ಕೆಲಸ ಇವತ್ತಿನಿಂದಲೇ ನಿಲ್ಲಿಸುತ್ತೇನೆ, ಹದಿನೈದು ಮಂದಿಯ ಔಷಧಿಗಳನ್ನೂ ಒಂದೊಂದಾಗಿ ನೋಡುವವರೆಗೆ ಯಾರೂ ಬಿಸಿಲಿಗಿಳಿಯುವುದಿಲ್ಲ ಎಂಬುದು ಒಂದು. ನಡೆದದ್ದನ್ನು ಬರೆದು ಕಡತದ ಮೊದಲ ಪುಟವಾಗಿ ಇಡುತ್ತೇನೆ ಎಂಬುದು ಇನ್ನೊಂದು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಂಟು ದಿನ ಇದೆ ಪರಿಶೀಲನೆಗೆ. ಸೊಪ್ಪೆಲ್ಲ ಹೂವಿಗೆ ಹೋಗುತ್ತೆ. ಮೆಸ್ಸಿನೋರು ಬೇರೆಯವರನ್ನ ಹುಡುಕ್ತಾರೆ."

"ಹುಡುಕಲಿ ಸರ್."

"ಅವರು ಸರಿ ಹೋಗ್ತಾರೆ ಅಂತ ಡಾಕ್ಟ್ರು ಹೇಳಿದ್ರಲ್ಲ. ಹಾಗಾದ್ಮೇಲೆ ಬರೆದು ಕೊಡೋ ಅಗತ್ಯ ಏನಿದೆ? ಅನುಮತಿ ತಪ್ಪಿದ್ರೆ ಇಷ್ಟೂ ಜನ ಮತ್ತೆ ಮನೆ ಮೂಲೆಗೆ ಹೋಗ್ತಾರೆ. ಅದನ್ನ ಯೋಚಿಸಿದ್ರಾ?"

ಯೋಚಿಸಿದ್ದೆ. ಆಸ್ಪತ್ರೆಯಿಂದ ವಿನೋಬನಗರದ ನನ್ನ ಮನೆಗೆ ನಡೆದುಕೊಂಡೇ ಬರುತ್ತಾ ಅದನ್ನೇ ಯೋಚಿಸಿದ್ದೆ. ಅವರ ಮಾತು ಸುಳ್ಳಾಗಿರಲಿಲ್ಲ. ಆದರೆ ಆ ಹೊಲಿಗೆಯ ಹೆಂಗಸಿನ ಪ್ರಶ್ನೆಗೆ ಉತ್ತರ ಸಿಗದೆ ತೋಟ ತೆರೆದಿಡಲು ನನ್ನಿಂದಾಗುತ್ತಿರಲಿಲ್ಲ. "ಬರೆಯೋದು ಬೇಡ ಅಂದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಸರ್" ಎಂದೆ. ಸಿಟ್ಟಿನಿಂದ ಹೇಳಿದ್ದಲ್ಲ. ಅವರು ಮತ್ತೆ ಕನ್ನಡಕ ಹಾಕಿಕೊಂಡರು. "ಬರೀರಿ. ಕಾಗುಣಿತ ನಾನು ನೋಡ್ತೀನಿ" ಎಂದರು.

ಆಮೇಲಿನ ಆರು ದಿನ ನಮ್ಮದು ತೋಟವಾಗಿರಲಿಲ್ಲ, ಕಚೇರಿಯಾಗಿತ್ತು. ಬರುವವರು ಎಂದಿನಂತೆ ಬಂದರು. ನೆರಳಿನಲ್ಲಿ ಬೀಜ ಬಿಡಿಸಿದರು, ಹಸುಗಳ ಮೈ ತಿಕ್ಕಿದರು, ಸಸಿಯ ಟ್ರೇಗಳಿಗೆ ಮಣ್ಣು ತುಂಬಿದರು. ನಾನು ಒಬ್ಬೊಬ್ಬರ ಮನೆಯವರನ್ನೂ ಕರೆಸಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲ ಸಮೇತ ತರಲು ಹೇಳಿದೆ. ಸಕ್ಕರೆ ಕಾಯಿಲೆಯದ್ದು, ಬಿ.ಪಿ.ಯದ್ದು, ಮೆಡಿಕಲ್ ಶಾಪಿನವರು ಕೊಟ್ಟದ್ದು, ಯಾವಾಗಲೋ ಉಳಿದದ್ದು. ಮೇಜಿನ ಮೇಲೆ ಸುರಿದು, ಪಟ್ಟಿ ಮಾಡಿ, ವೈದ್ಯರಿಗೆ ಓದಿ ಹೇಳಿದೆ. ನೋವಿನ ಮಾತ್ರೆ ಇನ್ನೊಬ್ಬರಿಗೂ ಹೋಗಿತ್ತು, ಆದರೆ ಅವರಿಗೆ ಅದರಿಂದ ತೊಂದರೆಯಿರಲಿಲ್ಲ. ಬೇರೆ ಎರಡು ಸಂಗತಿ ಸಿಕ್ಕವು. ಒಬ್ಬರ ಮಾತ್ರೆ ಬೆವರನ್ನೇ ಕಡಿಮೆ ಮಾಡುವಂಥದ್ದು; ಬಿಸಿಲಿನಲ್ಲಿ ಅವರ ಮೈ ಕಾದರೆ ತಣಿಯಲು ದಾರಿಯಿರಲಿಲ್ಲ. ಇನ್ನೊಬ್ಬ ಹೆಣ್ಣುಮಗಳ ಮಾತ್ರೆಯಿಂದ ಚರ್ಮಕ್ಕೆ ಬಿಸಿಲು ಆಗುತ್ತಿರಲಿಲ್ಲ. ಅವಳ ಮುಂಗೈ ಮೇಲಿನ ಕೆಂಪು ದದ್ದನ್ನು ನಾವೆಲ್ಲ ಬೀನ್ಸ್ ಬಳ್ಳಿಯ ತುರಿಕೆ ಎಂದುಕೊಂಡಿದ್ದೆವು.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ನುಂಗುವ ಮಾತ್ರೆಗಳನ್ನೆಲ್ಲ ತೆಗೆದೆ. ಕೆಲಸದ ಹಾಳೆಯಲ್ಲೇ ಔಷಧಿಯ ಎಚ್ಚರಿಕೆ ಬರೆಯುವ ಜಾಗ ಮಾಡಿದೆ. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಬಯಲಿನ ಕೆಲಸ ರದ್ದು. ಮುಕ್ಕಾಲು ಗಂಟೆಗೊಮ್ಮೆ ನೀರು. ಕುಡಿದಿದ್ದನ್ನು ನೋಡಿದವರೇ ಬರೆಯಬೇಕು. ಸೊಪ್ಪು ನಿಜಕ್ಕೂ ಹೂವಿಗೆ ಹೋಯಿತು. ಅಕ್ಕ ಅದನ್ನು ಕೊಯ್ದು ಹಸುಗಳಿಗೆ ಹಾಕಿದರು. ಮೆಸ್ಸಿನವರು ಬೇರೆಯವರನ್ನು ಹುಡುಕಿಕೊಂಡರು.

ಈ ನಡುವೆ ದಿನವೂ ಆಸ್ಪತ್ರೆಗೆ ಹೋಗಿಬರುತ್ತಿದ್ದೆ. ಮೊದಲೆರಡು ದಿನ ಟರ್ನರಣ್ಣ ಮಂಪರಿನಲ್ಲೇ ಇದ್ದರು. ಮೂರನೇ ದಿನ ಬೆಳಿಗ್ಗೆ ನಾನು ವಾರ್ಡಿಗೆ ಕಾಲಿಟ್ಟಾಗ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದರು. ಚಮಚ ಬಾಯಿಗೆ ನೆಟ್ಟಗೆ ಹೋಗುತ್ತಿತ್ತು. ಹೆಂಡತಿ ಅವರ ಕೈಯನ್ನೇ ನೋಡುತ್ತಾ, "ಸಾಂಬಾರ್ ಒಂದ್ ಹನಿ ಚೆಲ್ಲಿಲ್ಲ ಮೇಡಮ್" ಎಂದರು. ನಾನು ಹೊರಗೆ ಕಾರಿಡಾರಿಗೆ ಬಂದು, ಗೋಡೆಗೆ ಒರಗಿ, ಮೂರು ದಿನಗಳಲ್ಲಿ ಮೊದಲ ಸಲ ಪೂರ್ತಿ ಉಸಿರು ಬಿಟ್ಟೆ.

ಪರಿಶೀಲನೆಗೆ ಇಬ್ಬರು ಬಂದರು. ಹಿರಿಯ ಅಧಿಕಾರಿ ಒಬ್ಬ ಹೆಂಗಸು, ಮಾತು ಕಡಿಮೆ. ಕಡತ ತೆರೆದು ಮೊದಲ ಪುಟವನ್ನು ಎರಡು ಸಲ ಓದಿದರು. ಅಧ್ಯಕ್ಷರು ನೀರು ಕುಡಿದರು. ಆಕೆ ಎದ್ದು ಹೊರಗೆ ಹೋಗಿ, ಸಸಿ ನೆಡುತ್ತಿದ್ದ ಅಕ್ಕನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ಈಗ ಯಾರಾದ್ರೂ ಬಂದು ತಲೆನೋವು, ಒಂದು ಮಾತ್ರೆ ಕೊಡಿ ಅಂದ್ರೆ ಏನು ಮಾಡ್ತೀರಿ?"

ಅಕ್ಕ ಕೈಯ ಮಣ್ಣು ಕೊಡವಿದರು. "ಕೊಡಲ್ಲ ಮೇಡಂ. ನೆರಳಲ್ಲಿ ಕೂರಿಸ್ತೀನಿ. ನೀರು ಕೊಡ್ತೀನಿ. ಹಾಳೆ ತೆಗೆದು ಯಾವ ಮಾತ್ರೆಯೋರು ಅಂತ ನೋಡ್ತೀನಿ. ಸಿಸ್ಟರಿಗೆ ಹೇಳ್ತೀನಿ. ಅವ್ರು ಇಲ್ದಿದ್ರೆ ಡಾಕ್ಟ್ರಿಗೆ ಫೋನ್ ಹಾಕ್ತೀನಿ." ಆಮೇಲೆ "ಕೈ ಚಾಚಿಸಿ ನೋಡ್ತೀನಿ" ಎಂದು ಸೇರಿಸಿದರು. ಆ ಕೊನೆಯದ್ದನ್ನು ನಾನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

ಹೊರಡುವಾಗ ಅಧಿಕಾರಿ ಮೆಲ್ಲಗೆ ಹೇಳಿದರು: "ಇಂಥದ್ದು ಎಲ್ಲ ಕಡೆ ಆಗುತ್ತೆ. ಹೀಗೆ ಬರೆದಿಡೋರು ಕಡಿಮೆ." ಮೂರು ವಾರದ ನಂತರ ಪತ್ರ ಬಂತು. ಅನುಮತಿ ಮುಂದುವರಿದಿತ್ತು, ಜೊತೆಗೆ ಷರತ್ತುಗಳಿದ್ದವು. ಪ್ರತಿ ತಿಂಗಳು ವೈದ್ಯರೊಂದಿಗೆ ಔಷಧಿಗಳ ಮರುಪರಿಶೀಲನೆ, ಜನ ಇರುವಾಗ ವಾಹನ ತೋಟ ಬಿಡುವಂತಿಲ್ಲ, ಪುಸ್ತಕಗಳನ್ನು ನಾನಲ್ಲದೆ ಇನ್ನೊಬ್ಬರೂ ಓದಿ ಸಹಿ ಹಾಕಬೇಕು. ಒಂದೂ ಅನ್ಯಾಯದ ಷರತ್ತಾಗಿರಲಿಲ್ಲ. ಅಧ್ಯಕ್ಷರು ಪತ್ರವನ್ನು ಗಟ್ಟಿಯಾಗಿ, ತರಗತಿಯಲ್ಲಿ ಪಾಠ ಓದಿದಂತೆ ಓದಿ ಹೇಳಿದರು. ಅಕ್ಕ ಎಲ್ಲರಿಗೂ ಬೆಲ್ಲದ ಪಾನಕ ಮಾಡಿದರು.

ಟರ್ನರಣ್ಣ ಮರಳಿ ಬಂದದ್ದು ಮೊದಲ ಮಳೆಗಳು ಬಿದ್ದ ಮೇಲೆ, ಅರ್ಧ ದಿನದ ಲೆಕ್ಕದಲ್ಲಿ. ಲಿಥಿಯಂ ಪ್ರಮಾಣ ಕಡಿಮೆಯಾಗಿತ್ತು, ರಕ್ತ ಪರೀಕ್ಷೆಗಳ ನಡುವಿನ ಅಂತರ ಕಿರಿದಾಗಿತ್ತು. ಅವರನ್ನು ಬಿಟ್ಟುಹೋಗಲು ಹೆಂಡತಿಯೇ ಬಂದಿದ್ದರು. ಒಳಗೆ ಬಂದು ಪೆಟ್ಟಿಗೆ ತೆರೆಸಿ ನೋಡಿದರು. ಬ್ಯಾಂಡೇಜು, ಹತ್ತಿ, ಮುಲಾಮು. ಮುಚ್ಚಳ ತಾವೇ ಹಾಕಿ, "ಸರಿ, ಬರ್ತೀನಿ" ಎಂದು ಬಸ್ಸಿಗೆ ಹೋದರು.

ಟರ್ನರಣ್ಣನಿಗೆ ಬದನೆ ಸಸಿಗಳ ಬುಡಕ್ಕೆ ಮಣ್ಣು ಏರಿಸುವ ಕೆಲಸ ಕೊಟ್ಟಿದ್ದೆ. ಒಂದೂವರೆ ಗಂಟೆಯಲ್ಲಿ ಮೂರನೇ ಸಲ ನೀರಿನ ಲೋಟ ಹಿಡಿದು ಹೋದಾಗ ಅವರು ಬೆನ್ನು ನೆಟ್ಟಗೆ ಮಾಡಿ ನನ್ನನ್ನು ನೋಡಿದರು.

"ಮೇಡಂ, ನಾನೇನು ಬದನೆ ಗಿಡಾನಾ? ಹೊತ್ತು ಹೊತ್ತಿಗೆ ನೀರು ಹಾಕ್ತೀರಲ್ಲ!"

ಆಚೆ ಸಾಲಿನಲ್ಲಿದ್ದ ಅಕ್ಕ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಕರುವಿಗೆ ಹುಲ್ಲು ಹಾಕುವ, ಮಾತೇ ಆಡದ ಆ ಹೆಣ್ಣುಮಗಳೂ. ಟರ್ನರಣ್ಣ ತಮ್ಮ ಮಾತಿಗೆ ತಾವೇ ನಗುತ್ತಾ ಲೋಟ ಎತ್ತಿದರು. ಕೊನೆಯ ಗುಟುಕು ಗಂಟಲಿಗಿಳಿಯುವವರೆಗೆ ನಾನು ಅಲ್ಲೇ ನಿಂತೆ. ಆಮೇಲೆ ಬರೆದುಕೊಂಡೆ.